ಬೆಳ್ಳಗಿರುವುದೆಲ್ಲ ಹಿಮವಲ್ಲ

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂದಿತೆಂದರೆ ನಮ್ಮ ವಿಜಯನಗರದ ಬೇಕರಿಗಳಲ್ಲಿ ಹಿಮ ಬೀಳುತ್ತದೆ. ಗಾಜಿನ ಬೀರುವಿನೊಳಗೆ ಪ್ಲಮ್ ಕೇಕುಗಳನ್ನು ಸಾಲಾಗಿ ಜೋಡಿಸಿ, ನಡುವೆ ಪ್ಲಾಸ್ಟಿಕ್ಕಿನ ಒಂದು ಕ್ರಿಸ್‌ಮಸ್ ಮರವನ್ನು ನಿಲ್ಲಿಸಿ, ಅದರ ಕೊಂಬೆಗಳ ಮೇಲೆ ಪಕ್ಕದ ಔಷಧದ ಅಂಗಡಿಯಿಂದ ತಂದ ಹತ್ತಿಯನ್ನು ಹಿಂಜಿ ಹರಡುತ್ತಾರೆ. ಮೊನ್ನೆ ನಾನು ಬ್ರೆಡ್ಡು ಕೊಳ್ಳಲು ನಿಂತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಅದೇನೆಂದು ತಾಯಿಯನ್ನು ಕೇಳಿದಳು. ‘ಹಿಮ ಕಣಮ್ಮ’ ಎಂದರು ತಾಯಿ. ಹುಡುಗಿ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ‘ಅಲ್ಲ, ಹತ್ತಿ’ ಎಂದಳು. ಗಲ್ಲಾದ ಮೇಲೆ ಕುಳಿತಿದ್ದವನು, ‘ಎರಡೂ ಬೆಳ್ಳಗೇ ಇದೆಯಲ್ಲ ಪುಟ್ಟಿ’ ಎಂದು ವ್ಯಾಜ್ಯವನ್ನು ತೀರ್ಮಾನಿಸಿಬಿಟ್ಟ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಕೇಳಿ ಬೆಳೆದವನಾದ ನನಗೆ ಆ ತೀರ್ಮಾನ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಯಾವುದು ಬಿಳಿ, ಎಷ್ಟು ಬಿಳುಪಾದರೆ ಬಿಳಿಯ ಹಬ್ಬ, ಅದನ್ನು ಎಣಿಸತಕ್ಕವರು ಯಾರು ಎಂಬ ಪ್ರಶ್ನೆಗಳು ಮನಸ್ಸಿನಲ್ಲಿ ಉಳಿದುವು. ಕೆದಕುತ್ತ ಹೋದಂತೆ, ವಿಷಯವು ಬೇಕರಿಯಿಂದ ಹೊರಟು ನಾಲ್ಕಾರು ದೇಶಗಳನ್ನು ಸುತ್ತಿ ಕಡೆಗೆ ನಮ್ಮ ಮನೆಯ ಅಟ್ಟಕ್ಕೇ ಬಂದು ನಿಂತಿತು. ಆ ಸುತ್ತಾಟವನ್ನು ವಾಚಕರ ಮುಂದಿಡುತ್ತೇನೆ.

ಕ್ರಿಸ್ತನು ಹುಟ್ಟಿದನೆನ್ನುವ ಬೆತ್ಲೆಹೇಮ್ ಸಮುದ್ರಮಟ್ಟದಿಂದ ಸುಮಾರು 775 ಮೀಟರು ಎತ್ತರದಲ್ಲಿದೆ. ನಮ್ಮ ಬೆಂಗಳೂರು ಸುಮಾರು 900 ಮೀಟರಿನ ಮೇಲಿದೆ. ಎತ್ತರವೊಂದನ್ನೇ ನೋಡುವುದಾದರೆ ಹಿಮದ ಹಕ್ಕು ನಮಗೇ ಹೆಚ್ಚು! ಆದರೆ ನಾವು ಭೂಮಧ್ಯರೇಖೆಗೆ ಬಹಳ ಹತ್ತಿರ. ಬೆತ್ಲೆಹೇಮಿನ ಬೆಟ್ಟಗಳಲ್ಲಿ ಎಂದಾದರೊಮ್ಮೆ ಹಿಮ ಬೀಳುವುದುಂಟು. 2013ನೆಯ ಡಿಸೆಂಬರಿನಲ್ಲಿ ಪಕ್ಕದ ಜೆರೂಸಲೇಮಿನಲ್ಲಿ ಜನಜೀವನವೇ ನಿಂತುಹೋಗುವಷ್ಟು ಹಿಮ ಬಿದ್ದಿತು. ಆದರೂ ಅದು ಅಪರೂಪದ ಸಂಗತಿಯೇ. ಕುರುಬರು ರಾತ್ರಿಯೆಲ್ಲ ಬಯಲಿನಲ್ಲಿ ಕುರಿ ಕಾಯುತ್ತಿದ್ದರೆಂದು ಹೇಳುವ ಆ ಕಥೆಯಲ್ಲಿ ಹಿಮದ ಸುದ್ದಿಯೇ ಇಲ್ಲ. ಹಾಗಾದರೆ ಈ ಹಬ್ಬಕ್ಕೆ ಬಿಳಿಯ ಬಣ್ಣ ಅಂಟಿಕೊಂಡದ್ದು ಎಲ್ಲಿಂದ?

ಅದು ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿಯೂ ಮುಖ್ಯವಾಗಿ ಒಬ್ಬ ಕಾದಂಬರಿಕಾರನ ಬಾಲ್ಯದಿಂದ ಬಂದದ್ದು. ಚಾರ್ಲ್ಸ್ ಡಿಕೆನ್ಸ್ ಹುಟ್ಟಿದ್ದು 1812ರ ಫೆಬ್ರವರಿಯಲ್ಲಿ. ಅವನು ನಡೆಯಲು ಕಲಿತು ಲೋಕವನ್ನು ಕಣ್ಣರಳಿಸಿ ನೋಡಿದ ಆ ದಶಕವು ಇಂಗ್ಲೆಂಡಿನ ಅತಿ ಚಳಿಯ ದಶಕಗಳಲ್ಲಿ ಒಂದು. 1814ರ ಫೆಬ್ರವರಿಯಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನೆರೆಯಿತು; ಆನೆಯೊಂದನ್ನು ನದಿಯ ಮೇಲೆ ನಡೆಸಿದರೆಂದೂ ಹೇಳುತ್ತಾರೆ. ದಸರಾ ಆನೆಗಳನ್ನು ಕಂಡ ನಮಗೆ ಆನೆ ಹೊಸದಲ್ಲ, ಅದರ ಕಾಲ ಕೆಳಗಿನ ನದಿ ಮಾತ್ರ ಹೊಸದು. ಆ ಬಳಿಕ ಲಂಡನ್ನಿನಲ್ಲಿ ಅಂಥ ಜಾತ್ರೆ ಮತ್ತೆ ನೆರೆಯಲಿಲ್ಲ. 1815ರ ಏಪ್ರಿಲಿನಲ್ಲಿ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಹೊಗೆಗಳು ಆಕಾಶವನ್ನು ಮುಸುಕಿದ ಕಾರಣ 1816ನೆಯ ವರ್ಷವು ಯೂರೋಪಿನಲ್ಲಿ ಬೇಸಗೆಯೇ ಇಲ್ಲದ ವರ್ಷವೆನಿಸಿತು. ಇಂಥ ಚಳಿಯಲ್ಲಿ ಬೆಳೆದ ಹುಡುಗನು ದೊಡ್ಡವನಾಗಿ 1843ರ ಡಿಸೆಂಬರಿನಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಕಥೆಯನ್ನು ಪ್ರಕಟಿಸಿದ. ತನ್ನ ಬಾಲ್ಯದ ಚಳಿಗಾಲವನ್ನು ಅವನು ದೇಶಕ್ಕೆಲ್ಲ ಹಂಚಿದನೆಂದು ಹೇಳಬಹುದು. ಕ್ರಿಸ್‌ಮಸ್ ಶುಭಾಶಯದ ಕಾರ್ಡು ಲಂಡನ್ನಿನಲ್ಲಿ ಮೊದಲು ಅಚ್ಚಾದದ್ದೂ ಅದೇ 1843ರಲ್ಲಿ; ಮುಂದೆ ಆ ಕಾರ್ಡುಗಳ ಮೇಲೆ ಹಿಮ ಬೀಳಲು ತಡವಾಗಲಿಲ್ಲ.

ಇನ್ನೊಂದು ಸ್ವಾರಸ್ಯವುಂಟು. ಬ್ರಿಟನ್ನು 1752ರಲ್ಲಿ ತನ್ನ ಪಂಚಾಂಗವನ್ನು ತಿದ್ದಿಕೊಂಡಿತು. ಆ ವರ್ಷ ಸೆಪ್ಟೆಂಬರ್ 2ನೆಯ ತಾರೀಖಿನ ಮರುದಿನವೇ 14ನೆಯ ತಾರೀಖು. ಹನ್ನೊಂದು ದಿನಗಳು ಕಾಗದದ ಮೇಲಿಂದ ಮಾಯವಾದುವು. ಸೂರ್ಯನೇನೂ ಓಡಲಿಲ್ಲ, ಹಬ್ಬ ಮಾತ್ರ ಚಳಿಗಾಲದ ಮೊದಲಿಗೆ ಸರಿಯಿತು. ಇಂಗ್ಲೆಂಡಿನಲ್ಲಿ ಹಿಮ ಹೆಚ್ಚಾಗಿ ಬೀಳುವುದು ಜನವರಿ ಫೆಬ್ರವರಿಗಳಲ್ಲಿ. ಆದಕಾರಣ ಹಳೆಯ ಲೆಕ್ಕದ ಕ್ರಿಸ್‌ಮಸ್ಸಿಗೆ ಇದ್ದ ಬಿಳಿಯ ಅವಕಾಶ ಹೊಸ ಲೆಕ್ಕದಲ್ಲಿ ಕಡಿಮೆಯಾಯಿತು. ಪಂಚಾಂಗವನ್ನು ತಿದ್ದಿದವರು ಹವೆಯನ್ನೂ ಒಂದಿಷ್ಟು ತಿದ್ದಿದಂತಾಯಿತು.

‘ವೈಟ್ ಕ್ರಿಸ್‌ಮಸ್’ ಎಂಬ ಮಾತನ್ನು ಜಗತ್ತಿನ ಬಾಯಲ್ಲಿ ನಿಲ್ಲಿಸಿದ್ದು ಇರ್ವಿಂಗ್ ಬರ್ಲಿನ್ ಎಂಬಾತ ರಚಿಸಿ, 1942ರ ಚಲನಚಿತ್ರವೊಂದರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ಹಾಡು. ಆ ಹಾಡಿನ ಮೊದಲಿಗೆ ಒಂದು ಪೀಠಿಕೆಯ ನುಡಿಯಿದ್ದು, ಹಾಡುವವರು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ. ಅದರಲ್ಲಿ ಬರುವುದು ಬಿಸಿಲು ಚೆಲ್ಲುವ ಕ್ಯಾಲಿಫೋರ್ನಿಯ. ಅಂದರೆ ಹಿಮದ ಅತಿ ಪ್ರಸಿದ್ಧವಾದ ಹಾಡು ಹಿಮವಿಲ್ಲದ ಊರಿನಲ್ಲಿ ಕುಳಿತವನ ಹಂಬಲ. ಇದನ್ನು ತಿಳಿದ ಮೇಲೆ ನಮ್ಮ ಬೇಕರಿಯ ಹತ್ತಿಯ ಮೇಲೆ ನನಗಿದ್ದ ಅಸಮಾಧಾನ ಅರ್ಧ ಇಳಿಯಿತು.

ಇರಲಿ, ಎಣಿಕೆಯ ವಿಷಯಕ್ಕೆ ಬರೋಣ. ಯಾವುದನ್ನು ಬಿಳಿಯ ಕ್ರಿಸ್‌ಮಸ್ ಎನ್ನಬೇಕೆಂಬುದಕ್ಕೆ ಬ್ರಿಟನ್ನಿನ ಹವಾಮಾನ ಇಲಾಖೆ ಒಂದು ನಿಯಮವನ್ನು ಇಟ್ಟುಕೊಂಡಿದೆ. ಡಿಸೆಂಬರ್ 25ರ ಇಪ್ಪತ್ತನಾಲ್ಕು ಗಂಟೆಗಳೊಳಗೆ ದೇಶದ ಯಾವುದಾದರೂ ವೀಕ್ಷಣಾಲಯದಲ್ಲಿ ಹಿಮದ ಒಂದೇ ಒಂದು ಹಳುಕು ಬೀಳುವುದು ಕಂಡರೆ ಸಾಕು, ಆ ವರ್ಷದ ಹಬ್ಬ ಬಿಳಿ. ಹಿಂದೆ ಲಂಡನ್ನಿನ ಒಂದು ಕಚೇರಿಯ ತಾರಸಿಯನ್ನು ಮಾತ್ರ ನೋಡಿ ಹೇಳುತ್ತಿದ್ದರು. ಇದರ ಮೇಲೆ ಜನ ಪಂದ್ಯ ಕಟ್ಟುವುದರಿಂದ ನಿಯಮ ಖಚಿತವಾಗಿರಬೇಕಾಯಿತು. ಅಮೆರಿಕದಲ್ಲಿ ಹಾಗಲ್ಲ, ಅಂದು ಬೆಳಿಗ್ಗೆ ನೆಲದ ಮೇಲೆ ಕಡೆಯ ಪಕ್ಷ ಒಂದು ಅಂಗುಲ ಹಿಮ ನಿಂತಿರಬೇಕು. ಕೆನಡದವರು ಬೆಳಗಿನ ಏಳು ಗಂಟೆಗೆ ಎರಡು ಸೆಂಟಿಮೀಟರು ಕೇಳುತ್ತಾರೆ. ಒಬ್ಬರು ಬೀಳುವುದನ್ನು ಎಣಿಸುತ್ತಾರೆ, ಇನ್ನೊಬ್ಬರು ನಿಂತದ್ದನ್ನು.

ಇದರ ಫಲವೇನೆಂದು ನೋಡಿ. ಬೀಳುವ ಹಳುಕನ್ನು ಎಣಿಸುವ ಬ್ರಿಟನ್ನಿನಲ್ಲಿ ಬಿಳಿಯ ಕ್ರಿಸ್‌ಮಸ್ ಅಪರೂಪವೇ ಅಲ್ಲ. ಅರ್ಧಕ್ಕಿಂತ ಹೆಚ್ಚು ವರ್ಷಗಳು ನಿಯಮದ ಪ್ರಕಾರ ಬಿಳಿಯೇ. ಆದರೆ ಶೇಕಡ 40ಕ್ಕಿಂತ ಹೆಚ್ಚು ವೀಕ್ಷಣಾಲಯಗಳಲ್ಲಿ ನೆಲದ ಮೇಲೆ ಹಿಮ ನಿಂತಿದ್ದ ಕ್ರಿಸ್‌ಮಸ್ಸುಗಳು 1960ರಿಂದೀಚೆಗೆ ನಾಲ್ಕೇ: 1981, 1995, 2009 ಮತ್ತು 2010. 2023ರಲ್ಲಿ ಶೇಕಡ 11ರಷ್ಟು ಕಡೆಗಳಲ್ಲಿ ಹಿಮ ಬಿದ್ದಿತು, ಎಲ್ಲಿಯೂ ನಿಲ್ಲಲಿಲ್ಲ. ಆದರೂ ದಾಖಲೆಯಲ್ಲಿ ಅದು ಬಿಳಿಯ ವರ್ಷ. ಇನ್ನು ಹಿಂದಿನ ದಿನವೇ ಮೊಣಕಾಲುದ್ದ ಹಿಮ ಬಿದ್ದು ನೆಲವೆಲ್ಲ ಬೆಳ್ಳಗಿದ್ದು, ಹಬ್ಬದ ದಿನ ಮಾತ್ರ ಆಕಾಶ ಶುಭ್ರವಾಗಿದ್ದರೆ, ನಿಯಮದ ಪ್ರಕಾರ ಆ ಹಬ್ಬ ಬಿಳಿಯಲ್ಲ! ಕಣ್ಣಿಗೂ ಕಡತಕ್ಕೂ ಇರುವ ಅಂತರ ಇದು.

ಬಿಳಿಯರ ಈ ಬಿಳಿಯ ಲೆಕ್ಕ ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಪಂಚಾಂಗವನ್ನು ತೆರೆದು ನೋಡೋಣ. ಡಿಸೆಂಬರ್ 25 ನಮಗೆ ಧನುರ್ಮಾಸದಲ್ಲಿ ಬೀಳುತ್ತದೆ. ಬೇಕರಿಯವನು ಹತ್ತಿ ಹಿಂಜುವ ದಿನಗಳಲ್ಲೇ ದೇವಸ್ಥಾನಗಳಲ್ಲಿ ನಸುಕಿನ ಪೂಜೆಗೆ ಗಂಟೆ ಬಾರಿಸುತ್ತದೆ, ಹುಗ್ಗಿಯ ಪ್ರಸಾದ ಹಂಚುತ್ತಾರೆ. ಋತು ಹೇಮಂತ. ಈ ಹೇಮಂತ ಎಂಬ ಮಾತು ಹಿಮ ಎಂಬ ಮಾತಿನ ದಾಯಾದಿ. ವೇದಕಾಲದ ಜನ ವರ್ಷವನ್ನೇ ಹಿಮವೆಂದು ಕರೆದು, ನೂರು ವರ್ಷದ ಆಯುಸ್ಸು ಬೇಡುವಾಗ ನೂರು ಹಿಮಗಳನ್ನು ಬೇಡಿದರು. ಆ ಹೆಸರು ದಕ್ಷಿಣಕ್ಕೆ ಇಳಿದು ಬಂದು, ಹಿಮವನ್ನು ಕನಸಿನಲ್ಲಿಯೂ ಕಾಣದ ನಮ್ಮ ಬಯಲುಸೀಮೆಯಲ್ಲಿ ನೆಲಸಿತು. ಅಂದಮೇಲೆ ಎರವಲು ಹಿಮವನ್ನು ಮೊದಲು ತಂದದ್ದು ಬೇಕರಿಯವನಲ್ಲ.

ಅಚ್ಚಗನ್ನಡದಲ್ಲಿ ನಮಗಿರುವುದು ಮಂಜು, ಇಬ್ಬನಿ, ಆಲಿಕಲ್ಲು. ಇವುಗಳಲ್ಲಿ ಮಂಜು ಬಹಳ ಉದಾರವಾದ ಪದ. ಹೊಲದ ಮೇಲೆ ಹರಡಿದ ಮಬ್ಬೂ ಮಂಜೇ, ಹಿಮಾಲಯದ ಮೇಲಿನದೂ ಮಂಜೇ. ಅದಕ್ಕೆ ಗಡ್ಡೆ ಸೇರಿಸಿದರೆ ಕಬ್ಬಿನ ಹಾಲಿಗೆ ಹಾಕುವ ಐಸೂ ಆಗುತ್ತದೆ. ಆದುದರಿಂದ ‘ನಮ್ಮೂರಲ್ಲಿ ಕ್ರಿಸ್‌ಮಸ್ಸಿಗೆ ಮಂಜು ಬೀಳುತ್ತದೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು, ಸುಳ್ಳಾಗುವುದಿಲ್ಲ.

ಬೆಂಗಳೂರು ನಿಜಕ್ಕೂ ಎಷ್ಟು ಚಳಿಯಾಗಿತ್ತು ಎಂಬುದಕ್ಕೆ ದಾಖಲೆಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರು ಮೈಸೂರು ಸಂಸ್ಥಾನದ ಹವಾಮಾನ ವರದಿಗಾರರೂ ಆಗಿದ್ದು, ಮಳೆ ಬಿಸಿಲುಗಳ ಲೆಕ್ಕವನ್ನು ಶ್ರದ್ಧೆಯಿಂದ ಇಡಿಸಿದರು. ಅವರಿಗಿಂತ ಹಿಂದಿನ ಅಂಕಿಗಳೂ ಉಳಿದಿವೆ. ನಗರದ ಡಿಸೆಂಬರ್ ತಿಂಗಳ ಅತಿ ಕಡಿಮೆ ಉಷ್ಣತೆ ದಾಖಲಾದದ್ದು 1883ನೆಯ ಇಸವಿ ಡಿಸೆಂಬರ್ 29ರಂದು, 8.9 ಡಿಗ್ರಿ ಸೆಲ್ಸಿಯಸ್. ಹದಿನೈದು ದಿನ ಕಳೆದು 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿಯಿತು. ಅದಕ್ಕಿಂತ ಕೆಳಗೆ ಬೆಂಗಳೂರು ಎಂದೂ ಇಳಿದಿಲ್ಲ. ನೀರು ಹೆಪ್ಪುಗಟ್ಟಲು ಇನ್ನೂ ಸುಮಾರು ಎಂಟು ಡಿಗ್ರಿ ಬೇಕಿತ್ತು! ಅದೇ 1883ರ ಆಗಸ್ಟಿನಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದು, ಸೆಪ್ಟೆಂಬರಿನಲ್ಲಿ ಮದರಾಸಿನ ಜನ ಹಸಿರು ಬಣ್ಣದ ಸೂರ್ಯನನ್ನು ಕಂಡಿದ್ದರು. ಆ ಧೂಳಿಗೂ ನಮ್ಮ ಆ ಚಳಿಗೂ ಗಂಟು ಹಾಕಲು ನಾನು ಹೋಗುವುದಿಲ್ಲ. ಒಂದು ಊರಿನ ಎರಡು ಬೆಳಗುಗಳಿಂದ ಅಂಥ ಸಿದ್ಧಾಂತ ಹುಟ್ಟಲಾರದು.

ನಮ್ಮ ಇಲಾಖೆಯಲ್ಲಿಯೂ ನಿಯಮಗಳಿಗೆ ಕೊರತೆಯಿಲ್ಲ. ಒಂದು ದಿನ ‘ಮಳೆಯ ದಿನ’ ಎನಿಸಬೇಕಾದರೆ 2.5 ಮಿಲಿಮೀಟರು ಮಳೆ ಬಿದ್ದಿರಬೇಕು. ಹಳಬರ ಲೆಕ್ಕದಲ್ಲಿ ಹತ್ತು ಸೆಂಟು. 2.4 ಬಿದ್ದರೆ ಕೊಡೆ ನೆನೆದಿರಬಹುದು, ಚಪ್ಪಲಿ ಕಿತ್ತಿರಬಹುದು. ಅದು ಮಳೆಯ ದಿನವಲ್ಲ. ದಿನದ ಗಡಿಯೂ ನಡುರಾತ್ರಿಯಲ್ಲ. ಬೆಳಿಗ್ಗೆ ಎಂಟೂವರೆಗೆ ಮಾಪಕವನ್ನು ನೋಡಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಆ ದಿನದ ತಾರೀಖಿಗೆ ಬರೆಯುತ್ತಾರೆ. ಹೀಗಾಗಿ ಕ್ರಿಸ್‌ಮಸ್ ಸಂಜೆ ಸುರಿದ ಮಳೆ ಪುಸ್ತಕದಲ್ಲಿ 26ನೆಯ ತಾರೀಖಿಗೆ ಸೇರುತ್ತದೆ. ಆಲಿಕಲ್ಲಿನ ಪಾಡೂ ಹೀಗೆಯೇ. 2021ರ ಫೆಬ್ರವರಿಯಲ್ಲಿ ಕೊಡಗಿನ ಶನಿವಾರಸಂತೆಯ ಸುತ್ತಮುತ್ತ ಆಲಿಕಲ್ಲು ಸುರಿದು ರಸ್ತೆ ತೋಟಗಳು ಬೆಳ್ಳಗಾದಾಗ, ಕಾಶ್ಮೀರವೇ ಇಳಿದು ಬಂದಿತೆಂದು ಜನ ಬೆರಗಾದರು. ಮಳೆಮಾಪಕ ಮಾತ್ರ ಬೆರಗಾಗುವುದಿಲ್ಲ. ಅದರೊಳಗೆ ಬಿದ್ದ ಆಲಿಕಲ್ಲನ್ನು ಕರಗಿಸಿ ನೀರನ್ನು ಅಳೆಯಬೇಕೆಂಬುದು ನಿಯಮ. ಎಷ್ಟು ಬೆಳ್ಳಗಿತ್ತು ಎಂಬುದಕ್ಕೆ ಮಿಲಿಮೀಟರಿನಲ್ಲಿ ಜಾಗವಿಲ್ಲ.

ಇದು ಬರಿಯ ಸ್ವಾರಸ್ಯದ ಮಾತಲ್ಲ. ಅಡಕೆ, ಕಾಳುಮೆಣಸು, ಮಾವು ಮೊದಲಾದ ಬೆಳೆಗಳಿಗೆ ನಮ್ಮ ರಾಜ್ಯದಲ್ಲಿ ಹವಾಮಾನ ಆಧಾರಿತ ವಿಮೆಯುಂಟು. ಪರಿಹಾರ ತೀರ್ಮಾನವಾಗುವುದು ತೋಟದಲ್ಲಿ ಉದುರಿದ ಕಾಯನ್ನು ಎಣಿಸಿ ಅಲ್ಲ. ಗ್ರಾಮ ಪಂಚಾಯತಿಯ ವ್ಯಾಪ್ತಿಗೆಂದು ನೆಟ್ಟ ಮಾಪಕ ಹೇಳಿದ ಅಂಕಿಯಿಂದ. ಗುಡ್ಡದ ಈಚೆ ಮಾಪಕ, ಆಚೆ ತೋಟ. ಮಲೆನಾಡಿನ ಮಳೆ ಗುಡ್ಡದಿಂದ ಗುಡ್ಡಕ್ಕೆ ಬೇರೆ ಎಂಬುದು ಅಲ್ಲಿಯ ಹುಡುಗರಿಗೂ ಗೊತ್ತು. ಲಂಡನ್ನಿನಲ್ಲಿ ಒಂದು ತಾರಸಿಯನ್ನು ನೋಡಿ ದೇಶದ ಹಬ್ಬವನ್ನು ನಿರ್ಣಯಿಸಿದರೆ ಪಂದ್ಯ ಕಟ್ಟಿದವನಿಗೆ ನಷ್ಟ. ಇಲ್ಲಿ ವರ್ಷದ ಬೆಳೆಗೇ ನಷ್ಟ. ಹಾಗೆಂದು ಮಾಪಕವನ್ನು ಕಿತ್ತೆಸೆಯುವಂತಿಲ್ಲ. ಅದಿಲ್ಲದಿದ್ದರೆ ಗಟ್ಟಿಯಾಗಿ ಕೂಗಿದವನ ಹೊಲಕ್ಕೇ ಬರ ಬಂದಂತಾಗುತ್ತದೆ. ನಿಯಮ ಬೇಕು, ಆ ನಿಯಮ ಎಲ್ಲಿ ಕುರುಡು ಎಂಬ ತಿಳಿವಳಿಕೆಯೂ ಜೊತೆಗೆ ಬೇಕು.

ಬೆಂಗಳೂರಿಗೆ ಬೇರೊಂದು ಬಗೆಯ ಬಿಳುಪೂ ಒದಗಿತು. 2015 ಮತ್ತು 2017ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಉಕ್ಕಿ ರಸ್ತೆಗೆ ಹಾರಿದಾಗ, ಚಿತ್ರ ಕಂಡ ಹೊರಗಿನವರು ಹಿಮವೆಂದೇ ತಿಳಿದರು. ನಮ್ಮ ಪಶ್ಚಿಮ ಭಾಗವೇನೂ ಹಿಂದೆ ಬಿದ್ದಿಲ್ಲ. ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯತ್ತ ಹರಿಯುವ ವೃಷಭಾವತಿಯೂ ನೊರೆಯನ್ನು ಹೊತ್ತೇ ಹೋಗುತ್ತಾಳೆ. ಸಾಬೂನಿನ ನೀರು, ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಇವು ಕೂಡಿ ಕಡೆದದ್ದರಿಂದ ಹುಟ್ಟಿದ ಬಿಳುಪು ಅದು. ಬೇಕರಿಯವನ ತೀರ್ಮಾನವನ್ನು ನಾನು ಒಪ್ಪದಿರಲು ಈ ನದಿಯೊಂದೇ ಸಾಕು.

ಕಡೆಗೆ ಉಳಿದದ್ದು ಮಂಜು. ಡಿಸೆಂಬರಿನಲ್ಲಿ ಬೆಂಗಳೂರನ್ನು ನಿಜವಾಗಿ ಬೆಳ್ಳಗೆ ಮಾಡಬಲ್ಲದ್ದು ಅದೊಂದೇ. ಅದಕ್ಕೂ ನಿಯಮವುಂಟು: ಒಂದು ಕಿಲೋಮೀಟರಿನಾಚೆಗೆ ಕಣ್ಣು ಕಾಣದಿದ್ದರೆ ಮಾತ್ರ ಅದು ಮಂಜು, ಕಂಡರೆ ತೆಳು ಮಬ್ಬು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ನಸುಕಿನ ಮಂಜಿಗೆ ವಿಮಾನಗಳು ತಡವಾಗುವುದರಿಂದ, ಮಂಜಿನಲ್ಲಿಯೂ ಇಳಿಸಬಲ್ಲ ಯಂತ್ರಗಳನ್ನು 2020–21ರ ಚಳಿಗಾಲದಲ್ಲಿ ಬಳಕೆಗೆ ತಂದರು. ನಮ್ಮ ಬೀದಿಯ ನಿವೃತ್ತ ಮೇಷ್ಟರಿಗೆ ಈ ನಿಯಮವನ್ನು ಹೇಳಿದೆ. ಅವರು ನಕ್ಕರು. ‘ಅದೆಲ್ಲ ಈಗಿನವರ ಲೆಕ್ಕ ಕಣ್ರೀ. ನಾವು ಇಲ್ಲಿ ಮನೆ ಕಟ್ಟಿದಾಗ ಹೊಸಹಳ್ಳಿಯಿಂದಾಚೆ ಬರೀ ಹೊಲ. ಡಿಸೆಂಬರ್ ಪೂರ್ತಿ ಒಂದು ದಿನ ತಪ್ಪದೆ ಮಂಜು ಸುರೀತಿತ್ತು’ ಎಂದರು. ನಾನೂ ತಲೆದೂಗಿದೆ. ನನ್ನ ನೆನಪೂ ಹಾಗೆಯೇ ಹೇಳುತ್ತಿತ್ತು.

ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು 1978ರ ಕ್ರಿಸ್‌ಮಸ್ ಬೆಳಗು. ದಂಡಿನ ಚರ್ಚೊಂದರಲ್ಲಿ ಗೋದಲಿ ಕಟ್ಟಿದ್ದಾರೆಂದು ನಮ್ಮ ತಂದೆ ನನ್ನನ್ನು ಕರೆದುಕೊಂಡು ಹೊರಟರು. ಬಸ್ಸು ಹಿಡಿಯಲು ನಡೆದು ಹೋಗುವಾಗ ಮುಂದೆ ಅವರು ತಲೆಗೆ ಸುತ್ತಿದ್ದ ಮಫ್ಲರೊಂದು ಬಿಟ್ಟರೆ ನನಗೆ ಏನೂ ಕಾಣುತ್ತಿರಲಿಲ್ಲ. ಗೋದಲಿಯ ಮೇಲೆ ಹತ್ತಿ ಹರಡಿದ್ದರು. ‘ಇದು ಹಿಮ’ ಎಂದು ತಂದೆ ಹೇಳಿದರು. ‘ನಾವು ಈಗ ನಡೆದು ಬಂದೆವಲ್ಲ, ಅದೇ?’ ಎಂದು ನಾನು ಕೇಳಿದೆನಂತೆ. ಈ ಮಾತನ್ನು ಅವರು ಕಡೆಯವರೆಗೂ ನೆನೆಸಿಕೊಂಡು ನಗುತ್ತಿದ್ದರು.

ತಂದೆಯವರಿಗೆ ವರ್ತನೆಯ ಹಾಲಿನ ಲೆಕ್ಕವನ್ನು ಬರೆದಿಡುವ ಅಭ್ಯಾಸವಿತ್ತು. ಹಾಲಿನವನು ಮೂಡಲಪಾಳ್ಯದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಮಂಜು ದಟ್ಟವಾಗಿದ್ದರೆ ಅವನು ಸೈಕಲ್ಲನ್ನು ತಳ್ಳಿಕೊಂಡು ಬರಬೇಕಾಗಿ ತಡವಾಗುತ್ತಿತ್ತು. ಆಗ ತಂದೆ ಲೆಕ್ಕದ ಪಕ್ಕದಲ್ಲಿ ‘ಮಂಜು, ತಡ’ ಎಂದು ಬರೆಯುತ್ತಿದ್ದರು. ಯಾವ ಇಲಾಖೆಯ ನಿಯಮಕ್ಕೂ ಕಡಿಮೆಯಿಲ್ಲದ ನಿಯಮ. ಮೇಷ್ಟರೊಡನೆ ಮಾತಾಡಿದ ಸಂಜೆ ನಾನು ಅಟ್ಟ ಹತ್ತಿ ಆ ಪುಸ್ತಕಗಳನ್ನು ಇಳಿಸಿದೆ. ಧೂಳು ಕೊಡವಿ ಡಿಸೆಂಬರಿನ ಪುಟಗಳನ್ನು ಒಂದೊಂದಾಗಿ ನೋಡಿದೆ. ಮಂಜಿನ ದಿನಗಳು ಇದ್ದುವು. ಆದರೆ ಮೇಷ್ಟರೂ ನಾನೂ ನೆನೆಸಿಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಕೈ ತಡೆದು ತಡೆದು 1978ಕ್ಕೆ ಬಂದೆ. ಡಿಸೆಂಬರ್ 25. ತಂದೆಯ ಅಕ್ಷರದಲ್ಲಿ ಹೀಗಿತ್ತು: ‘ಹಾಲು ಒಂದೂವರೆ ಲೀ. ಆರಕ್ಕೆ ಬಂದ.’ ಮಂಜಿನ ಮಾತಿಲ್ಲ.

ಬಹಳ ಹೊತ್ತು ಆ ಪುಟವನ್ನು ಹಿಡಿದು ಕುಳಿತೆ. ಮಂಜು ಆರು ಗಂಟೆಯ ಮೇಲೆ ಇಳಿದಿರಬಹುದೆಂದು ಒಂದು ಸಮಾಧಾನ ತೋರಿತು. ಎಂಟೂವರೆಯ ನಿಯಮದಂತೆ ಇದೂ ಒಂದು ಗಡಿಯ ಜಗಳವೆನ್ನಬಹುದಿತ್ತು. ಎರಡು ದಿನದ ಮುಂದೆ, 27ನೆಯ ತಾರೀಖಿಗೆ, ‘ಮಂಜು, ತಡ’ ಎಂದು ಬರೆದಿತ್ತು. ನನ್ನ ಮನಸ್ಸು ಆ ದಿನದ ಮಂಜನ್ನು ತಂದು ಈ ದಿನದ ಮೇಲೆ ಹಿಂಜಿ ಹರಡಿರುವುದೇ ಹೆಚ್ಚು ಸಂಭವ. ಡಿಕೆನ್ಸ್ ಮಾಡಿದ್ದೂ ಇದನ್ನೇ, ಬೇಕರಿಯವನು ಮಾಡುವುದೂ ಇದನ್ನೇ. ನಡೆದು ಹೋದದ್ದು ನಿಜ, ಮಫ್ಲರು ನಿಜ, ಗೋದಲಿ ನಿಜ. ಪುಸ್ತಕವನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ. ಬರೆದವರು ನಮ್ಮ ತಂದೆ.

ಮರುದಿನ ಮೇಷ್ಟರಿಗೆ ತೋರಿಸಿದೆ. ಅವರು ಕನ್ನಡಕವನ್ನು ಏರಿಸಿ ಓದಿ, ‘ನಿಮ್ಮ ಹಾಲಿನವನು ಬಲು ಚುರುಕಿನವನಿದ್ದ ಅಂತ ಕಾಣುತ್ತೆ’ ಎಂದಷ್ಟೇ ಹೇಳಿದರು.

ಈಗ ನಾನೊಂದು ಪುಸ್ತಕ ಇಟ್ಟಿದ್ದೇನೆ. ವಿಜಯನಗರದ ಮೆಟ್ರೋ ನಿಲ್ದಾಣ ಎತ್ತರದಲ್ಲಿದೆ. ಮುಂದಿನ ಅತ್ತಿಗುಪ್ಪೆ ಹೆಚ್ಚು ಕಡಿಮೆ ಒಂದು ಕಿಲೋಮೀಟರು. ಬೆಳಗಿನ ವಾಕಿಂಗಿಗೆ ಹೊರಟಾಗ ಮೇಲೆ ಹತ್ತಿ, ಆ ಕಡೆಯಿಂದ ಬರುವ ರೈಲಿನ ದೀಪ ದೂರದಿಂದಲೇ ಕಾಣುತ್ತದೆಯೇ, ಹತ್ತಿರ ಬಂದ ಮೇಲೆ ಕಾಣುತ್ತದೆಯೇ ಎಂದು ನೋಡಿ ಬರೆಯುತ್ತೇನೆ. ಹೋದ ಡಿಸೆಂಬರ್ 25ರಂದು ಆರು ಗಂಟೆಗೇ ಹೋಗಿ ನಿಂತಿದ್ದೆ. ಚಳಿಯೇನೋ ಇತ್ತು. ದೀಪ ದೂರದಿಂದಲೇ ನಿಚ್ಚಳವಾಗಿ ಕಂಡಿತು. ‘ಇಲ್ಲ’ ಎಂದು ಬರೆದೆ. ಇಳಿದು ಬರುವಾಗ ಬೇಕರಿಯಲ್ಲಿ ಅರ್ಧ ಕಿಲೋ ಪ್ಲಮ್ ಕೇಕು ಕಟ್ಟಿಸಿಕೊಂಡೆ. ಮನೆಗೆ ಬಂದು ಬಿಚ್ಚಿದರೆ ಕಾಗದಕ್ಕೆ ಒಂದೆಳೆ ಹತ್ತಿ ಅಂಟಿಕೊಂಡು ಬಂದಿತ್ತು. ಅದನ್ನು ಲೆಕ್ಕಕ್ಕೆ ಸೇರಿಸಲಿಲ್ಲ.